ಐಲಾಳ ಹಾಸಿಗೆಯ ಮೇಲಿನ ಫ್ಯಾನು

ಐಲಾ ಲೆಹ್ಟೊ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವಳು. ಕೆಲಸ ಬಿಟ್ಟ ಮೇಲೆ ಗಂಡ ಆರ್ವೋ ಜೊತೆ ಸೇರಿ ಒಂದು ಹಳೆಯ ಟ್ರೇಲರ್ ಕೊಂಡಳು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಒಂದು ಹಾಸಿಗೆ, ಒಂದು ಒಲೆ. ಇಬ್ಬರು ಎದುರುಬದುರಾದರೆ ಒಬ್ಬರು ಹಾಸಿಗೆ ಹತ್ತಿ ದಾರಿ ಬಿಡಬೇಕು. ಬೇಸಿಗೆ ಬಂತೆಂದರೆ ಸುಪೀರಿಯರ್ ಸರೋವರದ ದಂಡೆಯ ಪೈನ್ ತೋಪಿನಲ್ಲಿ ಅವರು ನಮ್ಮ ಪಕ್ಕದಲ್ಲೇ ಬೀಡುಬಿಡುತ್ತಿದ್ದರು.

ಟ್ರೇಲರುಗಳನ್ನು ನೋಡಲು ಹೋದಾಗ ಐಲಾ ಒಲೆ ನೋಡಲಿಲ್ಲ, ಚಕ್ರ ನೋಡಲಿಲ್ಲ. ಪ್ರತಿಯೊಂದರಲ್ಲೂ ಹಾಸಿಗೆಯ ಮೇಲೆ ಅಂಗಾತ ಮಲಗಿ ಚಾವಣಿಯನ್ನೇ ನೋಡುತ್ತಿದ್ದಳಂತೆ. ಕೊನೆಗೆ ಆರಿಸಿದ್ದರಲ್ಲಿ, ಮಲಗಿದರೆ ಮುಖದ ನೇರಕ್ಕೆ ಚೌಕದ ಗವಾಕ್ಷಿ, ಅದರಲ್ಲೊಂದು ಫ್ಯಾನು, ಮೇಲೆ ಎತ್ತಿಡುವ ಮುಚ್ಚಳ.

ಈ ಜೂನಿನಲ್ಲಿ ಆ ಫ್ಯಾನು ನಿಂತೇಹೋಯಿತು. ಸಾಲದ್ದಕ್ಕೆ ಮಳೆ ಬಂದಾಗ ಅಂಚಿನಿಂದ ನೀರು ಜಿನುಗತೊಡಗಿತು.

“ಆ ತೂತನ್ನೇ ಮುಚ್ಚಿಬಿಡೋಣ ಕಣೇ,” ಅಂದ ಆರ್ವೋ. “ಒಂದು ತಗಡು ಬಡಿದು ಅಂಟು ಬಳಿದ್ರೆ ಮುಗೀತು. ಕಿಟಕಿ ಇದೆಯಲ್ಲ.”

“ಕಿಟಕಿ ಇರೋದು ಕಾಲ ಹತ್ರ. ನಂಗೆ ತಲೆ ಮೇಲೆ ಬೇಕು.”

“ಗಾಳಿಗೂ ತಲೆ, ಕಾಲು ಅಂತ ಇರುತ್ತಾ?”

ಐಲಾ ಕಾರು ಹತ್ತಿ ಪೇಟೆಗೆ ಹೋದವಳು ಹೊಸ ಫ್ಯಾನಿನ ಡಬ್ಬ ಹಿಡಿದೇ ಬಂದಳು.

ಆ ಚಾವಣಿ ಮನುಷ್ಯರ ಭಾರ ತಡೆಯುವಂಥದ್ದಲ್ಲ. ಆರ್ವೋ ಬದಿಗೆ ಏಣಿ ಒರಗಿಸಿ ನಿಂತು, ಗವಾಕ್ಷಿಯ ಸುತ್ತ ಕಲ್ಲಾಗಿದ್ದ ಹಳೆಯ ಅಂಟನ್ನು ಕೆರೆಯತೊಡಗಿದ. ಒಳಗೆ ಐಲಾ ಬ್ಯಾಟರಿಯ ಸಂಪರ್ಕ ತೆಗೆದು, ಹಾಸಿಗೆಯ ಮೇಲೆ ನಿಂತು, ಫ್ಯಾನಿನ ಎರಡು ತಂತಿ ಕತ್ತರಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ಫ್ಯಾನು ಕಿತ್ತು ಬಂತು. ಕೆಳಗಿನ ಮರದ ಒಂದು ಮೂಲೆ ನೆನೆದ ಬ್ರೆಡ್ಡಿನ ಹಾಗೆ ಮೆತ್ತಗಾಗಿತ್ತು.

“ನೋಡಿದ್ಯಾ, ಕೊಳೆತುಹೋಗಿದೆ! ನಾನು ಹೇಳಿದ ಹಾಗೆ ಮುಚ್ಚೋದೇ ವಾಸಿ.”

ನಾನು ಅವರಿಗೆ ಕಾಫಿ ತಂದಿದ್ದೆ. ಅಷ್ಟರಲ್ಲಿ ಆ ಚೌಕದ ತೂತಿನಿಂದ ಐಲಾಳ ತಲೆ ಮೇಲೆ ಬಂತು, ಆಮೇಲೆ ಭುಜ. ಅಲ್ಲೇ ನಿಂತು ಸರೋವರದ ಕಡೆ ನೋಡಿದಳು.

“ಏನೇ ಅದು, ಪೀಪಾಯಿಂದ ಎದ್ದ ಬೆಕ್ಕಿನ ಥರ!” ಎಂದು ಆರ್ವೋ ನಕ್ಕ.

ಅವಳು ನಗಲಿಲ್ಲ. “ಶಾಲೆಯ ಅಡುಗೆ ಸಾಮಾನಿಡೋ ಶೀತಲ ಕೋಣೇಲಿ ಸಿಕ್ಕಿಹಾಕ್ಕೊಂಡಿದ್ದೆನಲ್ಲ, ಆರ್ವೋ…”

“ಹ್ಞಾಂ, ಬಟಾಣಿ ಕಥೆ.” ಐಲಾ ಬಟಾಣಿ ಮೂಟೆಗಳ ಜೊತೆ ಹೆಪ್ಪುಗಟ್ಟಿದ್ದಳೆಂದು ಊರೆಲ್ಲ ಆಡಿಕೊಂಡು ನಗುತ್ತಿದ್ದ ಕಥೆ ಅದು. ನಾನೂ ನಕ್ಕಿದ್ದೇನೆ.

“ಅದು ಬಟಾಣಿ ಕಥೆ ಅಲ್ಲ ಕಣಯ್ಯ. ಒಳಗಿನ ಹಿಡಿ ಮುರಿದಿತ್ತು. ಹೊರಗಿಂದ ಯಾರೋ ದೀಪ ಆರಿಸಿದ್ರು. ಕಿರುಚಿ ಕಿರುಚಿ ಗಂಟಲು ಬಿದ್ದೋಯ್ತು. ಆಮೇಲೆ ಡಬ್ಬಗಳ ಮೇಲೆ ಹತ್ತಿ, ಚಾವಣೀನೆಲ್ಲ ಕೈಯಲ್ಲಿ ತಡವಿದೆ, ಎಲ್ಲಾದ್ರೂ ಒಂದು ಸಂದಿ ಸಿಗುತ್ತಾ ಅಂತ. ಹಾಲಿನ ಗಾಡಿಯವನು ಬಂದು ಬಾಗಿಲು ತೆಗೆಯೋ ಹೊತ್ತಿಗೆ, ನಾನು ಮನಸ್ಸಲ್ಲೇ ನಿಂಗೆ ಕೊನೇದಾಗಿ ಹೇಳೋದನ್ನೆಲ್ಲ ಹೇಳಿ ಮುಗಿಸಿದ್ದೆ.”

ಅಂಟು ಕೆರೆಯುತ್ತಿದ್ದ ಆರ್ವೋನ ಕೈ ನಿಂತಿತು. “ನಂಗ್ಯಾಕೆ ಹೇಳ್ಲಿಲ್ಲ?”

“ಮನೆಗೆ ಬಂದವಳೇ ಹೇಳೋಕೆ ಶುರುಮಾಡಿದೆ. ನೀನು ನಕ್ಕುಬಿಟ್ಟೆ. ಊರೂ ನಗ್ತು. ಆಮೇಲೆ ನಾನೂ ನಗೋದು ಕಲಿತೆ.”

ಅವನು ಮುಖದ ಮೇಲೆ ಕೂತ ನೊಣಗಳನ್ನೂ ಓಡಿಸಲಿಲ್ಲ. ಕೊನೆಗೆ ಏಣಿ ಇಳಿದು ನನ್ನ ಹತ್ತಿರ ಬಂದು, “ನಿನ್ನ ಗರಗಸ ಕೊಡ್ತೀಯಾ?” ಎಂದು ಕೇಳಿದ.

ಕೊಳೆತ ಮೂಲೆಯನ್ನು ಕೊಯ್ದು ತೆಗೆದು, ಒಂದು ಗಟ್ಟಿ ಪೈನ್ ತುಂಡನ್ನು ಅಳತೆಗೆ ತಕ್ಕಂತೆ ಕೆತ್ತಿ ಕೂರಿಸಿದ. ಒಮ್ಮೆ ಸರಿಹೋಗಲಿಲ್ಲವೆಂದು ಕಿತ್ತು ಇನ್ನೊಂದು ಕೆತ್ತಿದ. ಆಮೇಲೆ ಅಂಟುಪಟ್ಟಿ ಸುತ್ತಿದ ಹೊಸ ಫ್ಯಾನನ್ನು ಇಳಿಸಿ ತಿರುಪು ಬಿಗಿದು, ಪ್ರತಿ ತಿರುಪಿನ ತಲೆಗೂ ಅಂಟು ಬಳಿದ. ಒಳಗೆ ಐಲಾ ತಂತಿ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಜೊತೆಗೆ ಚಾವಣಿಯ ಮೇಲಿದ್ದ ಪೈನ್ ಎಲೆ, ಮರದ ಪುಡಿ ಎಲ್ಲ ಅವಳ ತಲೆಯ ಮೇಲೆ ಸುರಿಯಿತು.

“ಉಲ್ಟಾ ತಿರುಗ್ತಿದೆ!” ಎಂದು ಒಳಗಿಂದ ಕೂಗು.

“ಕೆಂಪು ತಂತೀನ ಕರೀದಕ್ಕೆ ಕೊಟ್ಟಿದ್ದೀಯ, ಅಡುಗೆಯವಳೇ!”

“ಬಾಯ್ಮುಚ್ಕೊಂಡು ಕಸ ಗುಡಿಸು ಬಾ, ಬಡಗಿ!”

ತಂತಿ ಅದಲುಬದಲಾಯಿತು. ಐಲಾ ಕಾಗದದ ಕರವಸ್ತ್ರವೊಂದನ್ನು ಜಾಲರಿಗೆ ಹಿಡಿದಳು. ಅದು ಪಟ್ಟನೆ ಮೇಲಕ್ಕಂಟಿಕೊಂಡಿತು. ಅಂಟು ಒಣಗಲೆಂದು ಮರುದಿನದ ತನಕ ಕಾದು, ಆರ್ವೋ ಬಕೆಟ್ಟಿನಲ್ಲಿ ನೀರು ತಂದು ತಂದು ಚಾವಣಿಯ ಮೇಲೆ ಸುರಿದ.

“ಬಂತಾ?”

“ಇಲ್ಲ.”

“ಈಗ?”

“ಇಲ್ಲ ಮಾರಾಯ, ಸರೋವರ ಖಾಲಿ ಮಾಡ್ಬೇಡ!”

ಒಂದು ವಾರದ ಮೇಲೆ ಬೆಳಿಗ್ಗೆ, ಆರ್ವೋ ಚಳಿಗಾಲದ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಟ್ರೇಲರಿನಿಂದ ಹೊರಬಂದ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.

“ಏನಪ್ಪಾ, ಮಂಡೆಗೆ ಚಳಿಯಾ?” ಎಂದೆ.

“ರಾತ್ರಿಯೆಲ್ಲ ಫ್ಯಾನು ಓಡುತ್ತೆ,” ಅಂದ. “ಮೆಲ್ಲಗೆ ಮಾತಾಡು, ಅವಳಿನ್ನೂ ಮಲಗಿದ್ದಾಳೆ.” ಕಾಫಿ ಕಾಯಿಸಲು ಹೊರಗಿನ ಒಲೆ ಹಚ್ಚಿದ.