ಏಳನೆಯ ಮಡುವಿನ ನೀರು

ಬೋಡಿನಾಯಕನೂರಿನ ಹಿಂದಣ ಬೆಟ್ಟದಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ತಿಲಗವತಿ ಹಳ್ಳದ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹಳೆಯ ಕೈಗವಸು ಕಳಚಿ ಹೊಸದನ್ನು ತೊಡುತ್ತಾರೆ. ಕೋಲಿನ ತುದಿಗೆ ಕಟ್ಟಿದ ಬಾಟಲಿಯನ್ನು ನೀರಿಗಿಳಿಸಿ, ಗುಳುಗುಳು ಸದ್ದು ನಿಂತ ಮೇಲೆ ಎತ್ತಿ, ಮುಚ್ಚಳ ಬಿಗಿದು, ಮೇಲೆ ಆರು ಎಂದು ಬರೆಯುತ್ತಾರೆ. ಇಲ್ಲಿಯವರೆಗೆ ಹಕ್ಕಿಗಳ ಗದ್ದಲವಿದೆ. ಮುಂದಿನ ತಿರುವು ದಾಟಿದರೆ ಒಂದೂ ಕೂಗುವುದಿಲ್ಲ. ಅಲ್ಲಿರುವುದು ಏಳನೆಯ ಮಡು.

ಐವತ್ತೆರಡರ ತಿಲಗವತಿ ಊರಾಚೆಯ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಪ್ರಯೋಗಾಲಯದ ಸಹಾಯಕಿ. ಅಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ಆರು ವಾರದ ಶಿಬಿರ ನಡೆಯುತ್ತದೆ. ಬತ್ತಲಗುಂಡು, ಕಂಬಂ, ಕೊಡೈಕಾನಲ್ ಕಡೆಯ ಇಪ್ಪತ್ತನಾಲ್ಕು ಹೈಸ್ಕೂಲ್ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಜೈವಿಕ ಮಾಹಿತಿ ವಿಜ್ಞಾನ ಕಲಿಯುತ್ತಾರೆ. ಕುಡಿಯಲು ಬಂದ ಕಡವೆ, ಈಜುವ ಮೀನು, ಯಾವುದೇ ಆಗಲಿ, ನೀರಿನಲ್ಲಿ ತನ್ನ ಡಿಎನ್‌ಎಯ ಚೂರು ಬಿಟ್ಟಿರುತ್ತದೆ. ಮಧುರೈಯ ಪ್ರಯೋಗಾಲಯವೊಂದು ಅದನ್ನು ಓದಿ, ನಾಲ್ಕೇ ಅಕ್ಷರಗಳ ಉದ್ದುದ್ದ ಸಾಲುಗಳಾಗಿ ಕಳಿಸುತ್ತದೆ. ಯಾವ ಸಾಲು ಯಾವ ಜೀವಿಯದೆಂದು ಮಕ್ಕಳು ಹುಡುಕಬೇಕು. ಹಾಗೆ ಹುಡುಕುವ ಮಕ್ಕಳ ಫೋಟೊ ಪೇಪರಿನಲ್ಲಿ ಬರುತ್ತದೆ. ನೀರು ತರುವವರ ಹೆಸರು ಇದುವರೆಗೆ ಎಲ್ಲೂ ಬಂದಿಲ್ಲ.

ಶಿಬಿರ ನಡೆಯುವಾಗ ವಾರಕ್ಕೆ ಮೂರು ದಿನ, ಆರು ಕಿಲೋಮೀಟರ್ ಏರುಹಾದಿ, ಒಂಬತ್ತು ಜಾಗ, ಹದಿನೆಂಟು ಬಾಟಲಿ. ಜೊತೆಗೆ ಹತ್ತೊಂಬತ್ತನೆಯದೊಂದು. ಅದರಲ್ಲಿ ಕಾಲೇಜಿನಲ್ಲೇ ತುಂಬಿದ ಶುದ್ಧ ನೀರು. ಹಳ್ಳದ ಬಳಿ ಮುಚ್ಚಳ ತೆಗೆದು ಮತ್ತೆ ಮುಚ್ಚುತ್ತಾರೆ, ಅಷ್ಟೆ. ತಂದವರ ಬೆವರೋ ಉಗುಳೋ ಸೇರಿದ್ದರೆ ಅದರಲ್ಲೂ ಸಿಕ್ಕಿಬೀಳುತ್ತದೆ. “ಕೈ ಒಂದೇ ಸುದ್ದವಾಗಿದ್ರೆ ಸಾಲ್ದು,” ಎನ್ನುತ್ತಾರೆ ತಿಲಗವತಿ. “ನನ್ ನೆಳಲೂ ನೀರ್ ಮ್ಯಾಲೆ ಬೀಳಾಕ್ಕೂಡ್ದು.”

ಏಳನೆಯ ಮಡುವಿಗೆ ಊರಿನವರು ಹೋಗುವುದನ್ನು ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ತಿಲಗವತಿಯ ಅಕ್ಕ ಮುನಿಯಮ್ಮಾಳ್ ಏಲಕ್ಕಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದವರು. ಒಂದು ಬೆಳಗ್ಗೆ ಬಟ್ಟೆ ಒಗೆಯಲು ಆ ಮಡುವಿಗೆ ಹೋದರು. ಮಧ್ಯಾಹ್ನ ಜನ ಹೋಗಿ ನೋಡಿದರೆ ಬಟ್ಟೆಗಳೆಲ್ಲ ಒಣಗಿ, ಮಡಿಸಿ, ಬಂಡೆಯ ಮೇಲೆ ಒಪ್ಪವಾಗಿದ್ದವು. ಮುಳುಗು ಹಾಕುವವರು ಮೂರು ದಿನ ಜಾಲಾಡಿದರೂ ದೇಹ ಸಿಗಲಿಲ್ಲ. ತಾಯಿ ಅದೇ ಕೊರಗಿನಲ್ಲಿ ತೀರಿಕೊಂಡರು. ಈ ವರ್ಷ ನೀರು ತರಬೇಕಾದ ಜಾಗಗಳ ಪಟ್ಟಿಯಲ್ಲಿ ಆ ಮಡುವಿನ ಹೆಸರು ಬಂದಾಗ ಬೇರೆಯವರನ್ನು ಕಳಿಸಲೇ ಎಂದು ಶಿಬಿರ ನಡೆಸುವ ಜೆಯಂತಿ ಟೀಚರ್ ಕೇಳಿದ್ದರು. ತಿಲಗವತಿ ಬೇಡವೆಂದರು.

ಮೊದಲ ವಾರವೇ, ಬತ್ತಲಗುಂಡಿನ ಹುಡುಗಿ ಜನನಿಯ ಕುರ್ಚಿಯ ಹಿಂದೆ ನಿಂತು ಅವರು ಮೆಲ್ಲಗೆ ಕೇಳಿದರು: “ನೀರಾಗೆ ಮನ್ಸರಿದ್ರೂ ಈ ಕಂಪ್ಯೂಟ್ರು ತೋರಿಸ್ತದಾ, ಕೂಸೇ?”

ಈ ತಮಿಳು ಸೀಮೆಯಲ್ಲಿ ತಿಲಗವತಿಯವರಂತೆ ಜನನಿಯ ಮನೆಯಲ್ಲೂ ಕನ್ನಡವೇ. ಆದರೆ ಅವಳಿಗೆ ಆಡುವುದಕ್ಕಿಂತ ಕೇಳುವುದು ಸಲೀಸು. ಮನುಷ್ಯರ ಸಾಲುಗಳನ್ನು ಮೊದಲೇ ತೆಗೆದುಹಾಕುತ್ತೇವೆ, ಅವು ನಮ್ಮವೇ ಇರಬಹುದು ಎಂದು ತಡವರಿಸುತ್ತ ತಿಳಿಸಿದಳು. ನೀರಿನಲ್ಲಿ ಡಿಎನ್‌ಎ ಕೆಲವು ವಾರಗಳಿಗಿಂತ ಹೆಚ್ಚು ಉಳಿಯುವುದಿಲ್ಲ ಎಂದೂ ಹೇಳಿದಳು. ತಿಲಗವತಿ ತಲೆಯಾಡಿಸಿ ಬಾಟಲಿ ತೊಳೆಯಲು ಹೋದರು.

ಎರಡನೆಯ ವಾರ ಫಲಿತಾಂಶ ಬಂತು. ಎಂಟು ಜಾಗಗಳಲ್ಲಿ ಮೀನು, ಕಪ್ಪೆ, ಕಡವೆ, ಕೋತಿ. ಏಳರಲ್ಲಿ ಒಂದು ಕಪ್ಪೆಯೂ ಇಲ್ಲ. ಸಾಲುಗಳೆಲ್ಲವೂ ಮನುಷ್ಯರವು. ಹತ್ತೊಂಬತ್ತನೆಯ ಬಾಟಲಿ ಮಾತ್ರ ಶುದ್ಧ. ಮತ್ತೆ ತರಿಸಿದರು, ಅದೇ ಬಂತು. ಯಾರೋ ಕೈ ಅದ್ದಿದ್ದಾರೆ ಎಂಬ ಅನುಮಾನ ಜೆಯಂತಿಯವರಿಗೆ. ಹಾಗಾಗಿದ್ದರೆ ಮಕ್ಕಳ ಕೆಲಸವೆಲ್ಲ ಹಾಳು, ತಿಲಗವತಿಯನ್ನು ಇನ್ನು ಹಳ್ಳಕ್ಕೆ ಕಳಿಸುವಂತಿಲ್ಲ. ಒಪ್ಪಿಗೆ ಪಡೆದು ಅವರ ಕೆನ್ನೆಯೊಳಗಿನ ಮಾದರಿ ತೆಗೆದು ಮಧುರೈಗೆ ಕಳಿಸಿದರು. ತಾಯಿಯಿಂದ ಮಕ್ಕಳಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿದು ಬರುವ ಭಾಗವೊಂದನ್ನು ಹೋಲಿಸಿ ನೋಡುವುದೆಂದಾಯಿತು.

ಅಕ್ಷರಕ್ಕೆ ಅಕ್ಷರ ಹೊಂದಿತು.

ಸಂಗ್ರಹಿಸಿದವರ ತಪ್ಪು ಎಂದು ಜೆಯಂತಿ ವರದಿಯಲ್ಲಿ ಬರೆದರು. ಆ ಸಂಜೆ ಜನನಿಗೆ ಹೊಳೆದದ್ದನ್ನು ತಿಲಗವತಿ ಆಗಲೇ ಯೋಚಿಸಿ ಮುಗಿಸಿದ್ದರು. ಒಂದೇ ತಾಯಿಯ ಮಕ್ಕಳಿಗೆ ಆ ಅಕ್ಷರಗಳು ಒಂದೇ. ನೀರಿನಲ್ಲಿದ್ದದ್ದು ತಮ್ಮ ಕೈಕೊಳೆ, ಇಲ್ಲವೇ ಅಕ್ಕ. ತಮ್ಮ ಕೈಯನ್ನು ಅವರು ಬಲ್ಲರು.

ಜನನಿಯೇ ಟೀಚರ್ ಬಳಿ ಹೋದಳು. ಈ ಸಲ ತಾನು ತರುತ್ತೇನೆ, ತಿಲಗವತಿ ಬಾಟಲಿ ಮುಟ್ಟುವುದು ಬೇಡ ಎಂದಳು. ಮಧುರೈಯಿಂದ ಸೀಲು ಮಾಡಿದ ಬಾಟಲಿಗಳು ಬಂದವು. ಜನನಿಯೂ ಟೀಚರೂ ನಸುಕಿನಲ್ಲೇ ಹೊರಟರು. ಅವರು ಮರಳುವವರೆಗೂ ತಿಲಗವತಿ ಕಾಲೇಜಿನ ಗೇಟಿನ ಬಳಿ ವಾಚ್‌ಮನ್ ಮೂಕಯ್ಯನವರ ಜೊತೆ ಸ್ಟೂಲಿನ ಮೇಲೆ ಕೂತೇ ಇದ್ದರು.

ಮಡುವಿನಲ್ಲಿ ಒಂದು ಅಲೆಯೂ ಇರಲಿಲ್ಲ ಎನ್ನುತ್ತಾರೆ ಜೆಯಂತಿ. ಆಚೆ ದಡದ ಒಣಬಂಡೆಯ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರಿನಿಂದ ಮೇಲೆ ಬಂದ ನಾಲ್ಕು ಹೆಜ್ಜೆ. ಐದನೆಯದು ಇರಲಿಲ್ಲ, ಮರಳಿದ ಗುರುತೂ ಇಲ್ಲ. ಯಾರದು ಎಂದು ಅವರು ಎರಡು ಸಲ ಕೂಗಿದರು. ಜನನಿ ನೀರು ತುಂಬಿ ತಲೆಯೆತ್ತುವಷ್ಟರಲ್ಲಿ, ಇನ್ನೂ ಬಿಸಿಲು ಬಿದ್ದಿರದ ಆ ಬಂಡೆಯ ಮೇಲೆ ಹೆಜ್ಜೆಗಳು ಆರಿಹೋಗಿದ್ದವು.

ಆರು ದಿನದ ಮೇಲೆ ಫಲಿತಾಂಶ ಬಂತು. ನೀರಿನಲ್ಲಿದ್ದದ್ದು ಜನನಿಯದಲ್ಲ, ಟೀಚರರದೂ ಅಲ್ಲ. ಅದೇ ಸಾಲು.

ಜೆಯಂತಿ ವಿಜ್ಞಾನ ಓದಿದವರು. ಈ ಸೀಮೆಯ ಎಷ್ಟೋ ಮನೆಗಳಿಗೆ ಹಿಂದೆಲ್ಲೋ ಒಬ್ಬಳೇ ತಾಯಿ ಇರಬಹುದು, ಅವರಲ್ಲೊಬ್ಬರು ಅಲ್ಲಿ ಸ್ನಾನ ಮಾಡುತ್ತಿರಬಹುದು ಎನ್ನುತ್ತಾರೆ. ಅನ್ನುವಾಗ ಕಿಟಕಿಯ ಕಡೆ ನೋಡುತ್ತಾರೆ. ಪೊಲೀಸರಿಗೆ ತಿಳಿಸಲೇ ಎಂದು ತಿಲಗವತಿಯನ್ನು ಕೇಳಿದ್ದರಂತೆ. ಅವರು, “ಬ್ಯಾಡ ಟೀಚರ್. ಬರೋ ಮನಸಿದ್ರೆ ದಾರಿ ಗೊತ್ತು ಅವ್ಳಿಗೆ,” ಎಂದರಂತೆ. ಶಿಬಿರದ ಕೊನೆಗೆ, ಅಲ್ಲಿಯ ನಿಯಮದಂತೆ, ಮನುಷ್ಯರ ಸಾಲುಗಳನ್ನೆಲ್ಲ ಅಳಿಸಲಾಯಿತು. ಅಳಿಸುವ ಕೀಲಿ ಒತ್ತಿದವಳು ಜನನಿ. ತಿಲಗವತಿ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

ಶಿಬಿರ ಮುಗಿದರೂ ನೀರು ತರಲು ವಾರಕ್ಕೊಮ್ಮೆ ತಿಲಗವತಿ ಹಳ್ಳಕ್ಕೆ ಹೋಗುತ್ತಾರೆ, ಏಳಕ್ಕೂ ಹೋಗುತ್ತಾರೆ. ಭಯವಿಲ್ಲವೇ ಎಂದು ಕೇಳಿದರೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದಷ್ಟೇ ಹೇಳುತ್ತಾರೆ. ಅವರ ಬಳಿ ವರದಿಯ ಒಂದು ಹಾಳೆಯಿದೆ. ಅದರಲ್ಲಿ ಜೆಯಂತಿ ಸಂಗ್ರಹಿಸಿದವರ ತಪ್ಪು ಎಂಬ ಹಳೆಯ ಮಾತನ್ನು ಹೊಡೆದುಹಾಕಿ, ಸಂಗ್ರಹದಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಹಾಕಿದ್ದಾರೆ. ಮೇಲೆ, ಮೊದಲ ಬಾರಿಗೆ, ಸಂಗ್ರಹ: ತಿಲಗವತಿ ಎಂದಿದೆ. ಅವರು ಆ ಹಾಳೆಯನ್ನು ಬೆರಳಿನಿಂದ ನೇವರಿಸುತ್ತಾರೆ.

“ನಾ ತಂದ ನೀರು ಸುದ್ದ,” ಎನ್ನುತ್ತಾರೆ. “ಅದ್ರಾಗೆ ಯಾರಿದ್ರೋ, ಅವ್ರು ನೀರಾಗೇ ಇದ್ರು.”