ಜೋಲಿಯ ಹಗ್ಗ

ದೆವ್ವ, ಶಕುನ ಎಂದವರನ್ನು ಕಂಡರೆ ನಗುವವಳು ನಾನು. ಈಗಲೂ ನಗುತ್ತೇನೆ. ಆದರೆ ನನ್ನ ಎಂಟನೇ ವಯಸ್ಸಿನಲ್ಲಿ ನಡೆದ ಒಂದು ಸಂಗತಿಗೆ ಮಾತ್ರ ನಗು ಬರುವುದಿಲ್ಲ. ನೀವು ನಂಬದಿದ್ದರೂ ಸರಿಯೇ.

ಎಪ್ಪತ್ತರ ದಶಕ. ನಮ್ಮ ಮನೆ ಸಾಸ್ವೆಹಳ್ಳಿಯಲ್ಲಿ. ಅವ್ವ ಕಳೆ ತೆಗೆಯಲು ಹೋದರೆ ಏಳು ತಿಂಗಳ ತಮ್ಮ ಮಂಜನನ್ನು ನೋಡಿಕೊಳ್ಳುವ ಕೆಲಸ ನನ್ನದು. ತೊಲೆಗೆ ಅವ್ವನ ಹಳೇ ಸೀರೆಯ ಜೋಲಿ, ಅದಕ್ಕೊಂದು ಹಗ್ಗ. ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಹೊರಗೆ ಜಗುಲಿಯ ಮೇಲೆ ಕಲ್ಲಾಟ ಆಡುತ್ತಿದ್ದೆ. ನಾನು ಎಳೆದರೆ ಅವನು ಒಳಗಿಂದ ಒದೆಯುತ್ತಿದ್ದ. ಒದ್ದದ್ದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಎರಡು ಸಲ ಒದ್ದರೆ ಎದ್ದಿದ್ದಾನೆ ಎಂದು ಹೋಗಿ ಎತ್ತಿಕೊಳ್ಳುತ್ತಿದ್ದೆ.

ಒಂದು ದಿನ ಅವನ ಮೈ ಕೆಂಡದಂತೆ ಸುಡುತ್ತಿತ್ತು. ಅಪ್ಪ, ಅವ್ವ ಅವನನ್ನೆತ್ತಿಕೊಂಡು ಬೆಳಗಿನ ಬಸ್ಸಿಗೆ ಹೊನ್ನಾಳಿಗೆ, ಡಾಕ್ಟರ ಹತ್ತಿರ ಹೊರಟರು. "ಬರೀ ಜೋಲಿ ತೂಗಬ್ಯಾಡ ಕಣೇ, ಕೂಸಿಗೆ ಒಳ್ಳೇದಲ್ಲ" ಎಂದು ಅವ್ವ ಹೇಳಿ ಹೋದಳು.

ತೂಗಲಿಲ್ಲ. ಅವನಿಲ್ಲದ ಮನೆ ಬಿಕೋ ಅನ್ನಿಸಿ, ಹಗ್ಗವನ್ನು ಮಾತ್ರ ಬೆರಳಿಗೆ ಕಟ್ಟಿಕೊಂಡು ಕೂತೆ. ನಡು ಮಧ್ಯಾಹ್ನ ಹಗ್ಗ ಎಳೆಯಿತು. ಎರಡು ಸಲ. ಅಭ್ಯಾಸಬಲದಿಂದ "ಬಂದೆ ಕಣೋ" ಎಂದು ಎದ್ದೇಬಿಟ್ಟೆ. ಒಳಗೆ ಖಾಲಿ ಜೋಲಿ ಅಲುಗದೆ ನಿಂತಿತ್ತು. ಬೆಕ್ಕಿಲ್ಲ, ಗಾಳಿಯಿಲ್ಲ. ನೋಡುತ್ತಿದ್ದಂತೆಯೇ ಬೆರಳನ್ನು ಮತ್ತೆ ಎರಡು ಸಲ ಎಳೆದಂತಾಯಿತು. ಅವ್ವನ ಮಾತು ನೆನಪಾಯಿತು. ಗಂಟು ಬಿಚ್ಚಿ ಹಗ್ಗ ಎಸೆದು ಪಕ್ಕದ ಮನೆಗೆ ಓಡಿದೆ.

ಸಂಜೆ ಅಪ್ಪ ಅವನನ್ನು ಟವೆಲಿನಲ್ಲಿ ಸುತ್ತಿ ತಂದರು. ಬಂದ ಹೆಂಗಸರ ಮುಂದೆ ಅವ್ವ ಅಳುತ್ತ ಹೇಳುತ್ತಿದ್ದಳು: "ಮಧ್ಯಾಹ್ನದ ತನಕ ಕಣ್ಣು ಬಿಟ್ಟಿದ್ದ ಕಣ್ರೇ. ಬಾಗ್ಲ ಕಡೀಗೇ ನೋಡ್ಕೊಂಡು ಕಾಲು ಒದೀತಿದ್ದ. ಅಕ್ಕನ್ನ ಹುಡುಕ್ತಾನೆ ಅಂದ್ಕೊಂಡೆ. ಆಮೇಲೆ ಸುಮ್ಕಾಗ್ಬಿಟ್ಟ."

ಮರುದಿನ ಜೋಲಿ ಇಳಿಸುವಾಗ ನೆಲದ ಮೇಲೆ ಬಿದ್ದಿದ್ದ ಹಗ್ಗ ಅವ್ವನ ಕಣ್ಣಿಗೆ ಬಿತ್ತು.

"ತೂಗಿದ್ದೇನೇ?"

"ಇಲ್ಲವ್ವ" ಎಂದೆ. ಅದು ಸುಳ್ಳಲ್ಲ. ಗಂಟು ಬಿಚ್ಚಿದ್ದನ್ನು ಮಾತ್ರ ಹೇಳಲಿಲ್ಲ. ಅವ್ವ ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಹುಡುಗಿಯ ಭ್ರಮೆ ಎನ್ನುತ್ತಾರೆ ನನ್ನ ಯಜಮಾನರು. ಇರಬಹುದು. ಅದೇನೆಂದು ನನಗೂ ಗೊತ್ತಿಲ್ಲ. ಎರಡು ಸಲ ಒದ್ದರೆ ಹೋಗಿ ಎತ್ತಿಕೊಳ್ಳುವುದು ನಮ್ಮಿಬ್ಬರ ರೂಢಿ. ಎತ್ತಿಕೊಳ್ಳಲು ಅವನು ಅಲ್ಲಿರಲಿಲ್ಲ, ಒಪ್ಪುತ್ತೇನೆ. ಒಂದೇ ಒಂದು ಸಲ ನಾನೂ ತಿರುಗಿ ಎಳೆಯಬಹುದಿತ್ತಲ್ಲ.