ಕುಲುಮೆ ಕಂಡ ಉಳಿಗಳು

ಬಣಕಲ್ಲಿನ ಬೆಳ್ಳಿಯಪ್ಪ ಮರ ಕಡೆಯುತ್ತಿದ್ದ. ತೊಟ್ಟಿಲ ಕಾಲು, ಲಟ್ಟಣಿಗೆ, ಎಸ್ಟೇಟ್ ಬಂಗಲೆಗಳ ಮಂಚದ ಗುಂಡು, ಎಲ್ಲವೂ ಮರ ತಿರುಗಿಸುವ ಅವನ ಚರಕಿಯಲ್ಲೇ ಉರುಟಾಗಬೇಕು. ಊರೆಲ್ಲ ಅವನ ಕೈಯನ್ನು ಹೊಗಳುತ್ತಿತ್ತು. ಪಕ್ಕದ ಮನೆಯವಳಾದ ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಚರಕಿ ತಾನಾಗಿ ತಿರುಗುತ್ತದೆಯೇ? ಮರದ ತುಂಡಿಗೆ ಸುತ್ತಿದ ಹಗ್ಗದ ಎರಡೂ ತುದಿ ಹಿಡಿದು, ಬೆಳಗಿನಿಂದ ಬೈಗಿನವರೆಗೆ ಅತ್ತ ಇತ್ತ ಎಳೆಯುತ್ತಿದ್ದವಳು ಅವನ ಹೆಂಡತಿ ತುಂಗಮ್ಮ. ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಅವನ ಉಳಿಗಳು ಹಳೆ ಗಾಡಿಚಕ್ರದ ಪಟ್ಟಿಯಿಂದ ಮಾಡಿಸಿದವು. ಮೆತ್ತಗಿನ ಕಬ್ಬಿಣ, ಒಂದು ಕಾಲು ಕಡೆಯುವಷ್ಟರಲ್ಲಿ ಮೊಂಡು. ಮೊಂಡು ಉಳಿ ಮರವನ್ನು ಕಚ್ಚಿಕೊಂಡರೆ ಆ ಭಾರವೆಲ್ಲ ಹಗ್ಗಕ್ಕೆ, ಅಂದರೆ ತುಂಗಮ್ಮನ ಹೆಗಲಿಗೆ. ಬರಬರುತ್ತ ಅವಳ ಬಲಗೈ ಕಿವಿಯಿಂದ ಮೇಲಕ್ಕೆ ಏಳದಾಯಿತು. ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ನಾನು ತಲೆ ಬಾಚಿ ತುರುಬು ಕಟ್ಟಿ ಕಳಿಸುತ್ತಿದ್ದೆ.

"ನನ್ನ ತಲೆ ನಾನೇ ಬಾಚ್ಕೊಳ್ಳೋ ಹಾಗಾದ್ರೆ ಸಾಕು ಸಿದ್ದಕ್ಕ, ಬೇರೇನೂ ಬೇಡ" ಅನ್ನುತ್ತಿದ್ದಳು.

ರಜಬ್ ಅಲಿ ಎಸ್ಟೇಟಿನ ಕಾಫಿಯನ್ನು ಗಾಡಿಯಲ್ಲಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ಯುತ್ತಿದ್ದವನು. ಬೆಳ್ಳಿಯಪ್ಪನ ಮೇಲೆ ಅವನಿಗೆ ಬಲು ವಿಶ್ವಾಸ. ಒಂದು ವರ್ಷ ಮಳೆ ಹಿಡಿಯುವ ಮೊದಲು ಅಲ್ಲಿಂದ ಮೂರು ಸೀಮೆ ಉಳಿ ತಂದುಕೊಟ್ಟ.

"ಇದು ಒಳ್ಳೆ ಉಕ್ಕು ಮಾರಾಯ. ಎಣ್ಣೆ ಹಾಕಿ ಕಲ್ಲಿನ ಮೇಲೆ ತಿಕ್ಕಿದ್ರೆ ಮುಗೀತು" ಅಂದ.

ಆ ಉಳಿಗೆ ಬೀಟೆಮರ ಕೂಡ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ಹಗ್ಗ ಹಗುರಾಯಿತು. ತುಂಗಮ್ಮ ಎಳೆಯುತ್ತಲೇ ಬೇಲಿಯಾಚೆಯ ನನ್ನೊಡನೆ ಹರಟೆ ಹೊಡೆಯತೊಡಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಜಗಲಿಗೆ ಬರಲಿಲ್ಲ. ಇಣುಕಿ ನೋಡಿದರೆ, ತುರುಬು ತಾನೇ ಕಟ್ಟಿಕೊಂಡು, ಅದೂ ಸೊಟ್ಟಗೆ, ಒಂದು ಸೇವಂತಿಗೆ ಬೇರೆ ಸಿಕ್ಕಿಸಿಕೊಂಡಿದ್ದಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ನವರಾತ್ರಿ. ನಮ್ಮ ಕೇರಿಯಲ್ಲಿ ಆಯುಧಪೂಜೆಗೆ ಮುಂಚೆ ಕತ್ತಿ, ಗುದ್ದಲಿ, ಉಳಿ ಎಲ್ಲವೂ ಚೌಡಯ್ಯನ ಕುಲುಮೆಗೆ ಹೋಗಬೇಕು. ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಮಾಡಿಸಿಕೊಂಡು ಬಂದ ಮೇಲೆಯೇ ಅವು ದೇವರ ಮುಂದೆ ಕೂರುವುದು. ಬೆಳ್ಳಿಯಪ್ಪ ಸೀಮೆ ಉಳಿಗಳನ್ನೂ ಗೋಣಿಯಲ್ಲಿ ಸುತ್ತಿಕೊಂಡ.

"ಅವನ್ನ ಬಿಡಿ ಅಂದ್ರೆ. ಚೆನ್ನಾಗೇ ಇದಾವಲ್ಲ" ಅಂದಳು ತುಂಗಮ್ಮ.

"ಅನ್ನ ಕೊಡೋ ಉಳಿ ಕಣೇ. ಕುಲುಮೆ ಕಾಣದೆ ಹಾಗೇ ಇಡೋದಾ ದೇವರ ಮುಂದೆ?"

ಹೋದ. ಚೌಡಯ್ಯನನ್ನು ಬೈದು ಫಲವಿಲ್ಲ, ಅವನ ಕುಲುಮೆಗೆ ಅಂಥ ಉಕ್ಕು ಬಂದದ್ದೇ ಇಲ್ಲ. ಗಾಡಿಪಟ್ಟಿಗೆ ಮಾಡುವುದನ್ನೇ ಇದಕ್ಕೂ ಮಾಡಿದ, ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದ. ಉಳಿಗಳು ಅರಿಸಿನ ಕುಂಕುಮ ಹಚ್ಚಿಕೊಂಡು ಮದುಮಕ್ಕಳ ಹಾಗೆ ಕೂತವು.

ಹಬ್ಬ ಕಳೆದು ಬೀಟೆಗೆ ಉಳಿ ತಾಗಿಸಿದನಷ್ಟೆ, ಅದರ ಬಾಯಿ ಗಾಜಿನಂತೆ ಚಕ್ಕೆ ಹಾರಿತು. ಎರಡನೆಯದೂ ಹಾಗೇ. ಪುಣ್ಯಾತ್ಮ ಮೂರನೆಯದನ್ನೂ ತಾಗಿಸಿ ನೋಡಿದ. ತುಂಗಮ್ಮ ಹಗ್ಗ ಕೆಳಗಿಟ್ಟು ಒಳಗೆ ಹೋದಳು.

ರಜಬ್ ಅಲಿ ನೋಡಿ ತಲೆ ಚಚ್ಚಿಕೊಂಡ. "ಬೆಂಕಿಗೆ ಯಾಕಪ್ಪಾ ಇಟ್ಟೆ ಇದನ್ನ? ಈ ಉಕ್ಕನ್ನ ಹಾಗೆ ಕಾಯಿಸಿ ನೀರಿಗೆ ಅದ್ದಿದ್ರೆ ಪೆಡಸಾಗಿ ಒಡೆಯುತ್ತೆ."

"ದೇವರಿಗೆ ಇಡೋದಲ್ವಾ ಅಲೀ" ಅಂದ ಬೆಳ್ಳಿಯಪ್ಪ. ಆ ಉಳಿಗಳು ಒಬ್ಬ ಬಿಳಿ ದೊರೆ ಊರು ಬಿಡುವಾಗ ಮಾರಿದವಂತೆ, ಅಂಥವು ಮಂಗಳೂರಿನಲ್ಲಿ ಮತ್ತೆಲ್ಲೂ ಇರಲಿಲ್ಲ.

ಅಟ್ಟದಿಂದ ಹಳೆ ಉಳಿಗಳು ಇಳಿದವು. ಹಗ್ಗ ಮತ್ತೆ ಭಾರವಾಯಿತು. ದೀಪಾವಳಿ ಬರುವಷ್ಟರಲ್ಲಿ ತುಂಗಮ್ಮನ ಕೈ ಮೊದಲಿನಂತೆ ಕಿವಿಯ ಹತ್ತಿರ ನಿಂತಿತು. ಬರುತ್ತಾಳೆಂದು ಬಾಚಣಿಗೆ ಹಿಡಿದು ಕಾದೆ, ಬರಲಿಲ್ಲ. ಬೇಲಿಯ ಹತ್ತಿರ ಹೋಗಿ ನೋಡಿದೆ.

ಬೆಳ್ಳಿಯಪ್ಪ ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತು ತಲೆ ಬಾಚುತ್ತಿದ್ದ. ಮಂಚದ ಗುಂಡನ್ನು ಕಣ್ಣು ಮುಚ್ಚಿ ಉರುಟು ಮಾಡುವ ಕೈಗೆ ಒಂದು ತುರುಬು ನಿಲ್ಲಿಸಲಾಗಲಿಲ್ಲ. ಕಟ್ಟುವುದು, ಜಾರುವುದು, ಬಿಚ್ಚಿ ಮತ್ತೆ ಕಟ್ಟುವುದು. ನಾನು ಬಾಚಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಅಷ್ಟು ಸಾಕು ಬಿಡಿ, ಬಿಸಿಲೇರ್ತು" ಅಂದು ತುಂಗಮ್ಮ ಎದ್ದು ಹೋಗಿ ಹಗ್ಗ ಹಿಡಿದಳು.